ಪೀಣ್ಯದ ಮೂರು ಖಾಲಿ ಮಂಚ

ಮೂರು ಮಂಚಗಳೂ ಖಾಲಿ. ಹಾಸಿಗೆ ಸುತ್ತಿಟ್ಟಿದೆ. ಮಂಚದ ಕೆಳಗೆ ಮೂರು ಟ್ರಂಕು, ಮೂರಕ್ಕೂ ಬೀಗ. ಕಿಟಕಿಗೆ ಸಿಕ್ಕಿಸಿದ ಕನ್ನಡಿಯ ಅಂಚಿನಲ್ಲಿ ಯಾರೋ ತೆಗೆದು ಅಂಟಿಸಿದ ಬಿಂದಿಗಳು ಹಾಗೇ ಇವೆ. ಸಂಜೆ ವಾಪಸು ಬರುವವರು ಬಿಟ್ಟುಹೋದ ಕೋಣೆಯಂತಿತ್ತು ಅದು. ಬರಬೇಕಾದವರು ಮಾತ್ರ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ವನಜಾ ಕೋಣೆಯ ನಡುವೆ ನಿಂತು ಸುತ್ತ ಕಣ್ಣಾಡಿಸಿದಳು. ಮಾನವ ಕಳ್ಳಸಾಗಣೆ ತಡೆ ಘಟಕ ಶುರುವಾಗಿ ಕೆಲವೇ ವರ್ಷ ಆಗಿತ್ತು. ಘಟಕವೆಂದರೆ ಒಂದು ಜೀಪು, ಬೆರಳೆಣಿಕೆಯ ಜನ, ಮತ್ತು ‘ಓಡಿಹೋಗಿರಬೇಕು ಬಿಡಿ’ ಎಂಬ ಮಾತನ್ನು ಎಲ್ಲಿ ಕೇಳಿದರೂ ನಂಬದ ವನಜಾ. ಅವಳ ಜೊತೆಗಿದ್ದವನು ಹೆಡ್ ಕಾನ್ಸ್‌ಟೇಬಲ್ ಚಿನ್ನಪ್ಪ. ಮಾತು ಕಡಿಮೆ, ಕೆಲಸ ಚುರುಕು.

ಕಾಣೆಯಾದವರು ಶೇಖವ್ವ, ಗೌರಿ, ವೇಣಿ. ಮೂವರೂ ಪೀಣ್ಯದ ಒಂದೇ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದವರು. ಈ ಹಾಸ್ಟೆಲಿನಿಂದ ಆ ಕಾರ್ಖಾನೆಗೆ ನಡೆದುಹೋಗುತ್ತಿದ್ದವರು ಇವರು ಮೂವರೇ. ಉಳಿದ ಹುಡುಗಿಯರು ದೂರದ ಕಾರ್ಖಾನೆಗಳಿಗೆ ಮುಂಚಿತವಾಗಿಯೇ ಬಸ್ಸು ಹಿಡಿಯುತ್ತಿದ್ದರು. ಕಳೆದ ವಾರ, ಸೋಮವಾರ ಬೆಳಗ್ಗೆ ಮೂವರೂ ಕೆಲಸಕ್ಕೆಂದು ಹೊರಟರು, ಕಾರ್ಖಾನೆ ತಲುಪಲಿಲ್ಲ. ಅಂದಿನಿಂದ ಮೂವರ ಫೋನೂ ಸ್ವಿಚ್ ಆಫ್.

“ಲವ್ ಕೇಸು ಮೇಡಂ,” ಅಂದ ಬಾಗಿಲಿಗೆ ಒರಗಿ ನಿಂತಿದ್ದ ಸ್ಥಳೀಯ ಠಾಣೆಯ ಸಬ್ ಇನ್ಸ್‌ಪೆಕ್ಟರ್ ದೇವರಾಜ್. “ಮುರಳಿ ಅಂತ ಒಬ್ಬ ಇದಾನೆ, ಗೂಡ್ಸ್ ಆಟೋ ಓಡಿಸ್ತಾನೆ. ಶೇಖವ್ವನ ಹಿಂದೆ ಬಿದ್ದಿದ್ದ.”

“ಮುರಳಿ ಈಗೆಲ್ಲಿ?”

“ನಮ್ ಸ್ಟೇಷನ್ನಲ್ಲೇ ಕೂರಿಸಿದೀನಿ.”

“ಮದುಮಗ ಸ್ಟೇಷನ್ನಲ್ಲಿ. ಮದುಮಗಳು ಯಾರ ಜೊತೆ ಓಡಿಹೋದಳು ದೇವರಾಜ್?”

ದೇವರಾಜ್ ಬಾಗಿಲು ಬಿಟ್ಟು ನೆಟ್ಟಗೆ ನಿಂತ. “ಅದೇ ಮೇಡಂ... ಲವ್ ಅಂತ ನಂಬಿಸಿ ಮೂರೂ ಜನಾನ ಎಲ್ಲೋ ಸಾಗಿಸಿದಾನೆ. ಬಾಯಿ ಬಿಡ್ತಿಲ್ಲ.”

ಆ ಮಾತಿನಲ್ಲಿ ಅರ್ಧವನ್ನು ವನಜಾ ಒಪ್ಪಿದಳು. ಯಾರೋ ಸಾಗಿಸಿದ್ದಾರೆ. ಆದರೆ ಯಾರು?

ಹಾಸ್ಟೆಲಿನ ವಾರ್ಡನ್ ಭದ್ರಮ್ಮ ಕಾಫಿ ತಂದಳು. ಐವತ್ತರ ಆಸುಪಾಸಿನ ಹೆಂಗಸು. ಹಣೆ ತುಂಬ ಕುಂಕುಮ, ಅತ್ತು ಅತ್ತು ಕೆಂಪಾದ ಕಣ್ಣು. ಹುಡುಗಿಯರೆಲ್ಲ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಠಾಣೆಗೆ ಹೋಗಿ ಮೊದಲು ದೂರು ಕೊಟ್ಟವಳೂ ಅವಳೇ.

“ಆವತ್ತು ಬೆಳಗ್ಗೆ ಏನಾಯ್ತು, ಮೊದಲಿಂದ ಹೇಳಿ.”

“ಏನಂತ ಹೇಳ್ಲಿ ಮೇಡಂ... ದಿನಾ ಎದ್ದಂಗೆ ಎದ್ರು. ಸ್ನಾನ ಮಾಡಿ ತಲೆ ಬಾಚ್ಕೊಂಡ್ರು. ನಾನು ಚಿತ್ರಾನ್ನ ಕಲಸಿದ್ದೆ. ಮೂರ್ ಜನದ ಡಬ್ಬಿಗೂ ನಾನೇ ಕೈಯಾರೆ ತುಂಬಿ, ಬ್ಯಾಗಿಗೆ ಹಾಕಿ ಕಳಿಸ್ದೆ. ಹೋಗ್ಬರ್ತೀವಮ್ಮಾ ಅಂದ್ರು.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬಾಲ್ಕನಿಯಿಂದ ನೋಡ್ತಾ ನಿಂತಿದ್ದೆ. ಮೂಲೇಲಿ ಮುರಳಿ ಆಟೋ ನಿಂತಿತ್ತು. ಮೂರೂ ಜನ ಹತ್ಕೊಂಡ್ರು. ಫ್ಯಾಕ್ಟರಿಗೆ ಬಿಡ್ತಾನೆ ಅನ್ಕೊಂಡೆ. ಅವನ ಹೊಟ್ಟೇಲಿ ಇಂಥಾ ವಿಷ ಇದೆ ಅಂತ ನಂಗೇನ್ ಗೊತ್ತು?”

“ಬಟ್ಟೆಬರೆ?”

“ಏನೂ ಇಲ್ಲ ಮೇಡಂ. ಊಟದ ಬ್ಯಾಗು ಅಷ್ಟೇ.”

ವನಜಾ ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದಳು. ಮೂಲೆ ಕಾಣುತ್ತಿತ್ತು. ಕೆಳಗೆ ಜೀಪಿನ ಪಕ್ಕದಲ್ಲಿ, ಕೈಚೀಲವೊಂದನ್ನು ಎದೆಗವಚಿಕೊಂಡು ಶೇಖವ್ವನ ಅಣ್ಣ ಯಮನಪ್ಪ ನಿಂತಿದ್ದ. ತಂಗಿಯ ಫೋನ್ ಹತ್ತದೆ ಗಾಬರಿಯಾಗಿ ಕುಷ್ಟಗಿಯಿಂದ ಬಂದವನು. ನಿನ್ನೆ ನೇರ ಹಾಸ್ಟೆಲಿಗೆ ಬಂದಿದ್ದ. ‘ಪೊಲೀಸರು ಹುಡುಕ್ತಿದಾರೆ, ನೀನು ಊರಿಗೆ ಹೋಗಪ್ಪಾ’ ಎಂದು ಭದ್ರಮ್ಮ ಸಮಾಧಾನ ಹೇಳಿ ಕಳಿಸಿದ್ದಳು. ಅವನು ಹೋಗಿರಲಿಲ್ಲ. ಯಶವಂತಪುರ ಸ್ಟೇಷನ್ನಿನಲ್ಲಿ ರೈಲು ಬಿಟ್ಟು ಕೂತವನನ್ನು ರೈಲ್ವೆ ಪೊಲೀಸರು ಮಾತಾಡಿಸಿ, ವಿಷಯ ತಿಳಿದು, ವನಜಾಳ ಘಟಕಕ್ಕೆ ಕಳಿಸಿದ್ದರು. ಈ ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಎಲ್ಲೋ ಒಬ್ಬರು ನಿಂತು ‘ಏನಪ್ಪಾ, ಯಾಕೆ ಅಳ್ತಿದೀಯ?’ ಎಂದು ಕೇಳಬೇಕು.

*

ಕಟ್ಟಡದ ಯಜಮಾನ ಚಿಕ್ಕಬೈರಪ್ಪ ಕೆಳಗಿನ ಮನೆಯಲ್ಲೇ ಇದ್ದ. ಪೀಣ್ಯ ಇನ್ನೂ ರಾಗಿ ಹೊಲವಾಗಿದ್ದ ಕಾಲದ ಮನೆತನ. ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಪೊಲೀಸರನ್ನು ಕಂಡದ್ದೇ ಅವನ ಮುಖ ಬಿಗಿಯಿತು.

“ಟೆರೇಸ್ ಮೇಲಿನ ರೂಮಿಗೆ ಬೀಗ ಇದೆ. ತೆಗೀತೀರಾ?” ಕೇಳಿದಳು ವನಜಾ.

“ಅಲ್ಲೇನಿಲ್ಲ ಮೇಡಂ. ಹಳೇ ಸಾಮಾನು.”

“ಹಳೇ ಸಾಮಾನು ನೋಡೋಕೆ ನನಗೆ ಇಷ್ಟ.”

“ಕೀ ನಮ್ಮುಡುಗನ ಹತ್ರ ಐತೆ. ಊರಲ್ಲಿಲ್ಲ ಅವ್ನು.” ಹೇಳುತ್ತಲೇ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡ. ಜೇಬಿನಲ್ಲಿ ಕೀಗೊಂಚಲು ಗಲ್ಲೆಂದಿತು.

ಚಿನ್ನಪ್ಪ ವನಜಾಳ ಮುಖ ನೋಡಿದ. ಇವನನ್ನು ಈಗಲೇ ಎಳೆಯೋಣವೇ ಎಂಬ ನೋಟ. ವನಜಾ ಬೇಡವೆಂದು ತಲೆಯಾಡಿಸಿದಳು. ಸುಳ್ಳು ಹೇಳುವವರೆಲ್ಲ ಒಂದೇ ಕಾರಣಕ್ಕೆ ಹೇಳುವುದಿಲ್ಲ.

*

ಠಾಣೆಯ ಬೆಂಚಿನ ಮೇಲೆ ಮುರಳಿ ಕೂತಿದ್ದ. ಕೆಳತುಟಿ ಒಡೆದು ಊದಿಕೊಂಡಿತ್ತು. ವನಜಾ ಅದನ್ನು ನೋಡಿದಳು, ದೇವರಾಜನನ್ನೂ ನೋಡಿದಳು. ದೇವರಾಜ್ ಫ್ಯಾನಿನ ಕಡೆ ನೋಡಿದ.

“ಸೋಮವಾರ ಬೆಳಗ್ಗೆ ಎಲ್ಲಿದ್ದೆ?”

“ರೂಮಲ್ಲಿ ಮೇಡಂ. ಜ್ವರ.”

“ಯಾರಾದರೂ ನೋಡಿದಾರಾ?”

“ಜ್ವರ ಬಂದು ಮಲಗಿದ್ದೋನ್ನ ಯಾರ್ ನೋಡ್ತಾರೆ ಮೇಡಂ? ಗಾಡಿ ಮನೆ ಮುಂದೇನೇ ಇತ್ತು. ಹೇಳಿದ್ರೆ ಸಾಹೇಬ್ರು ನಂಬಲ್ಲ.”

“ಶೇಖವ್ವ ನಿನಗೇನಾಗಬೇಕು?”

ಅವನು ತಲೆ ತಗ್ಗಿಸಿದ. “ಏನೂ ಆಗ್ಬೇಕಿರ್ಲಿಲ್ಲ. ನಂಗೆ ಇಷ್ಟ. ಅವಳು ಇನ್ನೂ ಏನೂ ಹೇಳಿರ್ಲಿಲ್ಲ. ಈಚೆಗೆ ಬೇರೇನೇ ಮಾತಾಡ್ತಿದ್ಲು. ದುಬೈಗೆ ಹೋಗ್ತೀನಿ, ಆಸ್ಪತ್ರೇಲಿ ಕೆಲಸ, ಇಲ್ಲಿ ಮಿಷಿನ್ ತುಳ್ದು ಸಾಕಾಗಿದೆ ಅಂತಿದ್ಲು.”

“ಯಾರು ಕಳಿಸ್ತಾರಂತೆ?”

“ಕೇಳ್ದೆ ಮೇಡಂ. ಹೆಸರು ಹೇಳಿದ್ರೆ ಚಾನ್ಸ್ ತಪ್ಪೋಗುತ್ತೆ ಅಂದ್ಲು. ಯಾರಿಗೂ ಹೇಳ್ಬೇಡ ಅಂದಿದಾರಂತೆ.”

“ಹೆಂಗಸು ಅಂದಳಾ, ಗಂಡಸು ಅಂದಳಾ?”

ಮುರಳಿ ಯೋಚಿಸಿದ. “ನಂಬೋ ಅಂಥೋರು ಅಂದ್ಲು. ಅಷ್ಟೇ.”

ವನಜಾ ಎದ್ದಳು. ದುಬೈ, ಆಸ್ಪತ್ರೆ, ಯಾರಿಗೂ ಹೇಳಬೇಡ — ಈ ಮೂರೂ ಒಟ್ಟಿಗೆ ಬರುವ ಕಥೆ ಅವಳಿಗೆ ಹಳೆಯದು. ಅಂಥ ಹುಡುಗಿಯರು ವಿಮಾನ ಹತ್ತುವುದೇ ಇಲ್ಲ. ಮುಂಬೈಗೋ ಗೋವಾಕ್ಕೋ ವ್ಯಾನಿನಲ್ಲಿ ಹೋಗಿ, ಕದ ಹಾಕಿದ ಮನೆಯೊಳಗೆ ಮುಗಿದುಹೋಗುತ್ತಾರೆ. ಹೋಗುವ ಮುಂಚೆ ಮಾತ್ರ ಎಲ್ಲಾದರೂ ಹತ್ತಿರದಲ್ಲೇ ಕೂಡಿಹಾಕಿರುತ್ತಾರೆ. ವ್ಯಾನು ತುಂಬುವಷ್ಟು ಜನ ಸೇರುವವರೆಗೆ.

ಸಮಯ ಇತ್ತು. ಎಷ್ಟು ಎಂಬುದು ಗೊತ್ತಿರಲಿಲ್ಲ.

*

ಮಧ್ಯಾಹ್ನ ಜೀಪನ್ನು ಒಂದು ಹೊಂಗೆ ಮರದ ನೆರಳಿಗೆ ಹಾಕಿ ಚಿನ್ನಪ್ಪ ಟೀ ತಂದ. ಯಮನಪ್ಪ ಟೀ ಮುಟ್ಟಲಿಲ್ಲ.

“ಏನಾದ್ರೂ ತಿನ್ನಪ್ಪ,” ಅಂದಳು ವನಜಾ. “ನೀನು ಬಿದ್ದರೆ ನಿನ್ನನ್ನೂ ನಾನೇ ಎತ್ತಬೇಕು.”

“ನಿನ್ನಿಯಿಂದ ಗಂಟಲದಾಗ ಇಳಿವಲ್ದುರೀ ಮೇಡಂ. ಬುತ್ತಿ ಐತ್ರಿ ನನ್ ಹತ್ರ. ಆ ಅಮ್ಮಾರು ಕಟ್ಟಿಕೊಟ್ಟಾರ. ದಾರ್‍ಯಾಗ ತಿನ್ನಪಾ, ಹುಳಿ ಅನ್ನ, ಕೆಡಂಗಿಲ್ಲ ಅಂದ್ರು.” ಕೈಚೀಲದಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದ. ಪುಳಿಯೋಗರೆಯ ವಾಸನೆ ಜೀಪು ತುಂಬಿತು. “ನೀವೂ ತಗೋರಿ. ಸಾಹೇಬ್ರ, ನೀವೂ.”

ಚಿನ್ನಪ್ಪ ಕೈ ಚಾಚಿದ. ಯಮನಪ್ಪ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸವರುತ್ತ ಕೂತ.

“ಆಕಿ ಬೆಂಗಳೂರಿಗೆ ಬರಾಕ ನಿಂತಾಗ ನಾನಾ ಕೊಡಿಸಿದ್ದೆರೀ ಇದನ್ನ. ಕುಷ್ಟಗಿ ಸಂತ್ಯಾಗ. ಅಲ್ಲೇ ಕುಂತು ಹೆಸರು ಕೆತ್ತಿಸಿದ್ವಿ. ಅಂಗಡಿಯಂವ ‘ಖ’ ತಪ್ಪು ಕೆತ್ತಿದ ಅಂತ ಆಕಿ ಅವನ ಕೂಡ ಜಗಳಾನ ತಗದಿದ್ಲು.”

ಡಬ್ಬಿಯ ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರು: ಶೇಕವ್ವ.

ವನಜಾ ಬಾಯಿಗೆ ಹಾಕಿಕೊಂಡ ತುತ್ತನ್ನು ನುಂಗಲು ಮರೆತಳು.

“ಯಮನಪ್ಪ, ಇದನ್ನ ನಿನಗೆ ಕೊಟ್ಟದ್ದು ನಿನ್ನೆ. ಹೌದಲ್ಲ?”

“ಹೌದ್ರಿ. ಸಂಜಿ ಮುಂದ.”

“ಎಲ್ಲಿಂದ ತೆಗೆದಳು?”

“ಅಡಿಗಿ ಮನಿಯಾಗಿಂದ್ರಿ. ಗ್ವಾಡಿ ಸ್ಟ್ಯಾಂಡಿನ್ಯಾಗ ಡಬ್ಬಿ ಭಾಳ ಇದ್ದು. ಯಾಕ್ರಿ ಮೇಡಂ?”

“ನಿನ್ನ ತಂಗಿಗೆ ಬೇರೆ ಡಬ್ಬಿ ಇತ್ತಾ?”

“ಹೋದ ತಿಂಗಳ ಫೋನಿನ್ಯಾಗೂ ಹೇಳಿದ್ಲಲ್ರಿ, ಮುಚ್ಚಳ ಸಡ್ಲಾಗೇತಿ ಆದ್ರೂ ಅದ್ನಾ ಒಯ್ತೀನಿ ಅಂತ. ಅಣ್ಣ ಕೊಡಿಸಿದ್ದು ಅಂತ ಭಾಳ ಅಭಿಮಾನ್ರಿ ಆಕಿಗೆ.”

ವನಜಾ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. “ಚಿನ್ನಪ್ಪ, ಜೀಪು ತಿರುಗಿಸಿ. ಮೊದಲು ಯಜಮಾನ.”

*

ಈ ಸಲ ಚಿಕ್ಕಬೈರಪ್ಪನ ಎದುರು ವನಜಾ ಕುರ್ಚಿ ಎಳೆದುಕೊಂಡು ಕೂತಳು.

“ಯಜಮಾನ್ರೇ, ನಾನು ಕರೆಂಟ್ ಆಫೀಸಿನವಳಲ್ಲ. ಟೆರೇಸಿನ ರೂಮಿಗೆ ಕಂಬದಿಂದ ನೇರ ವೈರು ಹೋಗಿರೋದು ಬೆಳಗ್ಗೇನೇ ನೋಡಿದೆ. ಅದನ್ನ ಮುಚ್ಚೋಕೆ ತಾನೇ ಬೀಗ?”

ಅವನ ಬಿಗಿದ ಭುಜ ಒಮ್ಮೆಲೇ ಇಳಿಯಿತು. “ತಪ್ಪಾಯ್ತು ಮೇಡಂ. ನೀರಿನ ಮೋಟ್ರು... ನಾಳೇನೇ ತೆಗೆಸ್ತೀನಿ.”

“ತೆಗೆಸಿ. ಈಗ ಒಂದು ಮಾತು ನಿಜ ಹೇಳಿ. ಭದ್ರಮ್ಮನಿಗೆ ಈ ಹಾಸ್ಟೆಲ್ ಬಿಟ್ಟು ಬೇರೆ ಮನೆ ಏನಾದರೂ ಕೊಟ್ಟಿದೀರಾ?”

“ಕೊಟ್ಟಿವ್ನಿ. ಮಾದನಾಯಕನಹಳ್ಳೀಲಿ, ಗೋಡೌನ್‌ಗಳ ಹಿಂದೆ ನಮ್ದೊಂದು ಮನೆ ಐತೆ. ಮಸಾಲೆ ಪುಡಿ ಪ್ಯಾಕಿಂಗ್ ಮಾಡ್ತೀನಿ ಅಂದ್ಲು.” ತಡೆದು, ತಲೆ ಕೆರೆದುಕೊಂಡ. “ಆದ್ರೆ ಒಂದ್ ಮಾತು ಮೇಡಂ. ಅತ್ತಾಗೆ ಓದಾಗೆಲ್ಲ ನೋಡ್ತೀನಿ, ಒಂದಿನಾನೂ ಮೆಣಸಿನ್ಕಾಯಿ ಘಾಟು ಮೂಗಿಗೆ ಬಡ್ದಿಲ್ಲ. ಅದೆಂಥಾ ಮಸಾಲೆನೋ ಅನ್ಕೊಂಡು ಸುಮ್ಕಾದೆ.”

“ಇನ್ನೊಂದು ಕೀ ಇದೆಯಾ?”

ಅವನು ಗೊಂಚಲನ್ನು ಪೂರ್ತಿ ತೆಗೆದು ಅವಳ ಕೈಗೆ ಕೊಟ್ಟ. ವನಜಾ ಅದನ್ನು ಚಿನ್ನಪ್ಪನಿಗೆ ದಾಟಿಸಿದಳು.

“ಯಜಮಾನರನ್ನ ಕರ್ಕೊಂಡು ಹೋಗಿ. ಮಹಿಳಾ ಕಾನ್ಸ್‌ಟೇಬಲ್‌ಗಳು ಜೊತೇಲಿರಲಿ. ಸೈರನ್ ಬೇಡ. ಹುಡುಗಿಯರು ಸಿಕ್ಕ ತಕ್ಷಣ ಮೊದಲು ನೀರು, ಆಮೇಲೆ ಪ್ರಶ್ನೆ. ನನಗೆ ಫೋನ್ ಮಾಡಿ.”

“ನೀವು ಮೇಡಂ?”

“ನಾನು ಅಮ್ಮನ ಹತ್ತಿರ ಇನ್ನೊಂದು ಲೋಟ ಕಾಫಿ ಕುಡೀತೀನಿ.”

*

ಭದ್ರಮ್ಮ ಅಡಿಗೆ ಮನೆಯಲ್ಲಿ ಅವರೆಕಾಳು ಸುಲಿಯುತ್ತಿದ್ದಳು. ಫೋನ್ ಮಾಡಿ ಕರೆಸಿದ್ದ ದೇವರಾಜನೂ ಯಮನಪ್ಪನೂ ವನಜಾಳ ಹಿಂದೆಯೇ ಬಂದರು. ಗೋಡೆಯ ಸ್ಟ್ಯಾಂಡಿನಲ್ಲಿ ತೊಳೆದು ಬೋರಲು ಹಾಕಿದ ಡಬ್ಬಿಗಳ ಸಾಲು.

“ಎಷ್ಟೊಂದು ಡಬ್ಬಿ! ಅದಲುಬದಲಾಗಲ್ವಾ ಅಮ್ಮ?”

“ಎಲ್ಲದಕ್ಕೂ ಹೆಸರಿದೆ ಮೇಡಂ. ಒಬ್ಬೊಬ್ಬರಿಗೆ ಒಂದೊಂದು. ಇಲ್ಲಾಂದ್ರೆ ಜಡೆ ಹಿಡ್ಕೊಂಡು ಜಗಳ ಆಡ್ತವೆ.”

“ಶೇಖವ್ವಂಗೂ ಒಂದೇನಾ?”

“ಒಂದೇ. ಆವತ್ತು ಅದಕ್ಕೇ ತುಂಬಿದ್ದು. ನೆನೆಸ್ಕೊಂಡ್ರೆ ಕೈ ನಡುಗುತ್ತೆ.”

“ತುಂಬಿ ಅವಳ ಬ್ಯಾಗಿಗೆ ಹಾಕಿದ್ರಿ.”

“ಹೂಂ ಮೇಡಂ. ಈ ಕೈಯಲ್ಲೇ.”

ದೇವರಾಜ್ ಅಸಹನೆಯಿಂದ ಕಾಲು ಬದಲಾಯಿಸಿದ. ಅಡಿಗೆ ಮನೆಯಲ್ಲಿ ನಿಂತು ಡಬ್ಬಿಯ ಮಾತು! ವನಜಾ ಮಾತು ಮುಂದುವರಿಸುತ್ತಲೇ ಹೋದಳು — ಊರು ಯಾವುದು, ಈ ಕೆಲಸಕ್ಕೆ ಬಂದದ್ದು ಹೇಗೆ, ಹುಡುಗಿಯರು ಹಬ್ಬಕ್ಕೆ ಊರಿಗೆ ಹೋಗುತ್ತಾರೆಯೇ. ಭದ್ರಮ್ಮ ಮೊದಮೊದಲು ಉದ್ದ ಉತ್ತರ ಕೊಟ್ಟಳು. ಆಮೇಲೆ ಗಿಡ್ಡ. ಕೊನೆಗೆ ಕೈ ಒರೆಸಿಕೊಂಡು ಎದ್ದಳು.

“ಒಂದು ಫೋನ್ ಮಾಡ್ಬೇಕಿತ್ತು ಮೇಡಂ.”

“ಕಾಳು ಸುಲೀರಿ ಅಮ್ಮ. ಫೋನು ಆಮೇಲೆ ಆಗಲ್ವಾ?”

“ಅರ್ಜೆಂಟು...”

“ನನಗೂ ಒಂದು ಅರ್ಜೆಂಟ್ ಫೋನ್ ಬರೋದಿದೆ. ಅದು ಬರಲಿ.”

ಆಗ ಭದ್ರಮ್ಮ ವನಜಾಳ ಮುಖವನ್ನು ಸರಿಯಾಗಿ ನೋಡಿದಳು. ಹಾಗೇ ಕೂತಳು. ಕಾಳು ಸುಲಿಯಲಿಲ್ಲ.

ಫೋನ್ ಬಂತು. “ಮೂರೂ ಜನ ಸಿಕ್ಕಿದ್ರು ಮೇಡಂ,” ಅಂದ ಚಿನ್ನಪ್ಪ. ಎಂದೂ ಏರದ ಅವನ ದನಿ ಈಗ ಒಡೆದಿತ್ತು. “ಹುಷಾರಾಗಿದಾರೆ. ಸ್ವಲ್ಪ ಸೊರಗಿದಾರೆ, ಅಷ್ಟೇ. ಹೊರಗಿಂದ ಬೀಗ ಹಾಕಿತ್ತು.”

ಯಮನಪ್ಪ ನೆಲಕ್ಕೆ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ವನಜಾ ಅವನ ಬೆನ್ನ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಕರವಸ್ತ್ರ ಬಿಚ್ಚಿ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟಳು.

“ಇದನ್ನ ಗುರುತು ಹಿಡೀತೀರಾ ಅಮ್ಮ?”

ಭದ್ರಮ್ಮನ ಕಣ್ಣು ಡಬ್ಬಿಯ ಮೇಲೆ ನಿಂತುಬಿಟ್ಟಿತು.

“ದೇವರಾಜ್, ನಿಮಗೆ ಇವರು ಚಿತ್ರಾನ್ನದ ಕಥೆ ಹೇಳಿದ್ರು. ನೀವು ಕೇಳಿದ್ರಿ. ಆದರೆ ಈ ಡಬ್ಬಿ ನೋಡಿರಲಿಲ್ಲ. ಯಮನಪ್ಪ ಡಬ್ಬಿ ನೋಡಿದ, ಚಿತ್ರಾನ್ನದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಶೇಖವ್ವನಿಗೆ ಇದ್ದದ್ದು ಇದೊಂದೇ ಡಬ್ಬಿ. ಅದನ್ನ ತುಂಬಿ, ಬ್ಯಾಗಿಗೆ ಹಾಕಿ ಕಳಿಸಿದೆ ಅಂತಾರೆ. ಹಾಗೆ ಹೋದ ಡಬ್ಬಿ, ಅವಳು ವಾಪಸು ಬಾರದೇನೇ ಈ ಸ್ಟ್ಯಾಂಡಿಗೆ ಹೇಗೆ ಬಂತು?”

ದೇವರಾಜ್ ಡಬ್ಬಿಯನ್ನು ಎತ್ತಿ ತಳ ನೋಡಿದ. ಮೆಲ್ಲಗೆ ಕೆಳಗಿಟ್ಟ.

“ಬರಲಿಲ್ಲ. ಯಾಕಂದರೆ ಹೋಗಿರಲೇ ಇಲ್ಲ. ಆ ಬೆಳಗ್ಗೆ ಯಾರೂ ಕಾರ್ಖಾನೆಗೆ ಹೊರಡಲಿಲ್ಲ. ಚಿತ್ರಾನ್ನ ಇಲ್ಲ, ಮೂಲೆಯಲ್ಲಿ ಆಟೋ ಇಲ್ಲ. ಮುರಳಿ ಜ್ವರ ಬಂದು ಮಲಗಿದ್ದ. ದುಬೈಗೆ ಕಳಿಸ್ತೀನಿ, ಬಟ್ಟೆ-ಬರೆ ಏನೂ ಬೇಡ, ಅಲ್ಲಿ ಎಲ್ಲಾ ಹೊಸದು ಅಂತ ನಂಬಿಸಿ ಮೂವರನ್ನೂ ಮಾದನಾಯಕನಹಳ್ಳಿಗೆ ಸಾಗಿಸಿದವರು ಈ ಅಮ್ಮ. ಅಣ್ಣ ಬಂದು ಬಾಗಿಲಲ್ಲಿ ನಿಂತಾಗ ಆತುರ ಆಯ್ತು. ಹೇಗಾದರೂ ಅವನನ್ನು ಊರಿನ ರೈಲು ಹತ್ತಿಸಬೇಕು. ಕೈಗೆ ಸಿಕ್ಕ ಡಬ್ಬಿ ತೆಗೆದು ಬುತ್ತಿ ಕಟ್ಟಿದ್ರು. ಅದು ಯಾರದ್ದು ಅಂತ ತಿರುಗಿಸಿ ನೋಡಲಿಲ್ಲ.”

ಭದ್ರಮ್ಮನ ಕಣ್ಣಲ್ಲಿ ಈಗ ನೀರಿರಲಿಲ್ಲ. ದನಿಯೂ ಬೇರೆಯಾಯಿತು.

“ನಾನೇನ್ ಎಳ್ಕೊಂಡು ಹೋದ್ನಾ? ಅವರೇ ಒಪ್ಪಿ ಬಂದ್ರು. ಕೇಳಿ ಬೇಕಾದ್ರೆ.”

“ಕೇಳ್ತೀನಿ. ಬಂದ ಮೇಲೆ ಫೋನ್ ಕಿತ್ತುಕೊಂಡು ಬೀಗ ಹಾಕಿದಾಗಲೂ ಒಪ್ಪಿದ್ರಾ ಅಂತಾನೂ ಕೇಳ್ತೀನಿ. ಕಾನೂನು ಬದಲಾಗಿದೆ ಅಮ್ಮ. ಐಪಿಸಿಯ ಮುನ್ನೂರ ಎಪ್ಪತ್ತನೇ ಕಲಂ, ಕಳ್ಳಸಾಗಣೆಯದ್ದು, ಓದಿಸಿಕೊಳ್ಳಿ. ಸುಳ್ಳು ಹೇಳಿ, ಆಸೆ ತೋರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.” ವನಜಾ ಬಗ್ಗಿ ಅವಳ ಕಣ್ಣಲ್ಲಿ ಕಣ್ಣಿಟ್ಟಳು. “ವ್ಯಾನು ಯಾರದ್ದು? ಯಾವಾಗ ಬರುತ್ತೆ?”

ಭದ್ರಮ್ಮ ಅವರೆಕಾಳನ್ನು ಪಕ್ಕಕ್ಕೆ ಸರಿಸಿದಳು. ಕೊನೆಗೆ ಅಂದಳು: “ಪಂಚಾಕ್ಷರಿ. ನಾಳೆ ಬೆಳಗ್ಗೆ.”

ದೇವರಾಜ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. “ನಾಳೆ ಆ ಮನೆ ಒಳಗೆ ನಾನೇ ಕೂತಿರ್ತೀನಿ ಮೇಡಂ. ಅದಕ್ಕೆ ಮುಂಚೆ ಸ್ಟೇಷನ್ನಿಗೆ ಹೋಗಿ ಆ ಹುಡುಗನ್ನ ಬಿಟ್ಟು ಬರ್ತೀನಿ.”

“ಬಿಡೋದಷ್ಟೇ ಅಲ್ಲ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಆ ತುಟಿಯ ವಿಷಯ ನಾವಿಬ್ಬರೂ ಆಮೇಲೆ ಮಾತಾಡೋಣ.”

*

ಮರುದಿನ ಪಂಚಾಕ್ಷರಿ ವ್ಯಾನು ನಿಲ್ಲಿಸಿ, ಹಾಡು ಗುನುಗುತ್ತ ಬಂದು ಕದ ತಟ್ಟಿದ. ಕದ ತೆಗೆದವನು ದೇವರಾಜ್. ಪಂಚಾಕ್ಷರಿಯ ಫೋನಿನಿಂದ ಮುಂಬೈಯ ಇನ್ನೆರಡು ಮನೆಗಳ ಸುಳಿವು ಸಿಕ್ಕಿತು. ಅಲ್ಲಿನ ಪೊಲೀಸರಿಗೆ ವನಜಾ ಕೂಡಲೇ ವಿಷಯ ತಿಳಿಸಿದಳು. ಸಂಜೆಯ ಹೊತ್ತಿಗೆ ಅತ್ತಲಿಂದಲೂ ಒಳ್ಳೆಯ ಸುದ್ದಿ ಬಂತು.

ಹುಡುಗಿಯರು ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವ ಸರ್ಕಾರದ ಸ್ವೀಕಾರ ಕೇಂದ್ರದಲ್ಲಿದ್ದರು. ಗೌರಿ, ವೇಣಿ ಇನ್ನೂ ಬೆಚ್ಚಿ ಬೀಳುತ್ತಿದ್ದರು. ಶೇಖವ್ವ ಮೊದಲ ದಿನ ಅಣ್ಣನನ್ನು ತಬ್ಬಿಕೊಂಡು ಅತ್ತಳು; ಎರಡನೆಯ ದಿನ ಸಿಟ್ಟಾದಳು. ಆ ಸಿಟ್ಟು ನೋಡಿ ವನಜಾಳಿಗೆ ಧೈರ್ಯ ಬಂತು. ಮೂರನೆಯ ದಿನ ವನಜಾ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸಲು ಜೀಪಿನಲ್ಲಿ ಕರೆತಂದಳು.

ಕೋರ್ಟಿನ ಮೆಟ್ಟಿಲ ಮೇಲೆ ಯಮನಪ್ಪ ತಡೆದು ನಿಂತ. “ಮೇಡಂ, ಇದು ಬ್ಯಾಡ್ರಿ. ಸಿಕ್ಕಾಳಲ್ಲ, ಸಾಕು. ಊರಿಗೆ ಕರ್ಕೊಂಡು ಹೊಕ್ಕೀನಿ. ಮಂದಿಗೆ ಗೊತ್ತಾದ್ರ ಆಕಿ ಹೆಸರು ಕೆಡ್ತೈತಿ.”

ವನಜಾ ಉತ್ತರಿಸುವ ಮೊದಲೇ ಶೇಖವ್ವ ತಿರುಗಿದಳು.

“ಕೆಟ್ಟ ಕೆಲಸ ಮಾಡಿದಾಕಿ ಆ ಭದ್ರಮ್ಮ. ಹೆಸರು ನಂದ್ಯಾಕ ಕೆಡ್ತೈತಿ ಅಣ್ಣಾ? ಇನ್ನಿಬ್ರು ಹುಡುಗ್ಯಾರ ಕೂಡ ಮಾತಾಡೀನಿ, ಮುಂದಿನ ವಾರ ಅವರೂ ಬರ್ತಾರ ಅಂತ ಆಕಿ ಫೋನಿನ್ಯಾಗ ಹೇಳೂದನ್ನ ಕದದ ಸಂದಿನ್ಯಾಗ ಕಿವಿ ಇಟ್ಟು ಕೇಳೀನಿ ನಾ. ಇಷ್ಟು ದಿನ ಯಾರ ಮುಂದೂ ಹೇಳಬ್ಯಾಡ, ಹೇಳಬ್ಯಾಡ ಅಂತ ಬಾಯಿ ಕಟ್ಟಿದ್ರು. ಇವತ್ತು ಹೇಳಾಕ ಬಂದೀನಿ.”

ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ವನಜಾ ಮತ್ತು ಯಮನಪ್ಪ ಕೂತರು. ಒಳಗಿನ ಮಾತು ತಿಳಿಯುತ್ತಿರಲಿಲ್ಲ. ಆದರೆ ದನಿ ಕೇಳುತ್ತಿತ್ತು. ತಡವರಿಸದೆ, ಹೊಲದ ಈ ಬದುವಿನಿಂದ ಆ ಬದುವಿನವರನ್ನು ಕೂಗುವಂಥ ಗಟ್ಟಿ ದನಿ.

“ಆಕಿ ದನಿ ಸಣ್ಣಾಕಿ ಇದ್ದಾಗಿಂದ್ಲೂ ಹಿಂಗಾರೀ ಮೇಡಂ,” ಅಂದ ಯಮನಪ್ಪ, ಬೆಂಗಳೂರಿಗೆ ಬಂದಮೇಲೆ ಮೊದಲ ಬಾರಿಗೆ ನಗುತ್ತ. “ಒಮ್ಮೆ ಶುರು ಮಾಡಿದ್ಲಂದ್ರ ಪೂರಾ ಹೇಳಿ ಮುಗಿಸೂತನಕ ಬಿಡಾಂಗಿಲ್ಲ.”